ನಿಂತಲ್ಲೇ 28 ಮೀಟರ್ ಏರಿದ ಸಕಲೇಶಪುರ ಸ್ಟೇಷನ್

ಇದು ಮೂರನೇ ಸಲ. ಭಾನುವಾರ ಸಂಜೆ 4ಕ್ಕೆ ಸಕಲೇಶಪುರ ಸ್ಟೇಷನ್ನಿನ ಹಳದಿ ಬೋರ್ಡಿನ ಪಕ್ಕ ಸೈಕಲ್ ನಿಲ್ಲಿಸಿ, ಹ್ಯಾಂಡಲ್ ಮೇಲಿನ ಎತ್ತರ ತೋರಿಸುವ ಮೀಟರ್ ನೋಡಿದೆ. ಬೆಳಗ್ಗೆ ಇದೇ ಜಾಗದಲ್ಲಿ ಬೋರ್ಡಿನ ಮೇಲಿದ್ದ ಎತ್ತರವನ್ನೇ ಅದಕ್ಕೆ ತುಂಬಿಸಿ ಹೊರಟಿದ್ದೆ. ಈಗ 28 ಮೀಟರ್ ಜಾಸ್ತಿ ತೋರಿಸುತ್ತಿದೆ. ನಾನು ಹಾನುಬಾಳು, ಮೂಡಿಗೆರೆ ಸುತ್ತಿ ಬರುವಷ್ಟರಲ್ಲಿ ರೈಲ್ವೆಯವರು ಪ್ಲಾಟ್‌ಫಾರಂ ಎತ್ತರಿಸಿಬಿಟ್ಟರಾ? ಹೋದ ವಾರ 26, ಅದರ ಹಿಂದಿನ ವಾರ 30. ತಪ್ಪು ಲೆಕ್ಕ ಅಂದ ಮೇಲೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಇರಬೇಕು ತಾನೇ? ಇದು ಹಟ ಹಿಡಿದ ಹಾಗೆ ಮೇಲಕ್ಕೇ ಹೋಗುತ್ತಿತ್ತು.

28 ಮೀಟರಿಗೆ ಇಷ್ಟು ಗೋಳಾ ಅಂತ ಮನೆಯಲ್ಲೂ ಕೇಳಿದರು. ಹೌದು, ಇಷ್ಟು ಗೋಳು.

ನನ್ನ 'ಲಾರಿ ಇಲ್ಲದ ದಾರಿ' ಪಟ್ಟಿಯ ಕಥೆ ಹಳಬರಿಗೆ ಗೊತ್ತು. ಶಿರಾಡಿ ಹೆದ್ದಾರಿಯನ್ನು ಮುಟ್ಟದೆ ಸಕಲೇಶಪುರದ ಸುತ್ತಮುತ್ತ ಎಷ್ಟು ದೂರ ತುಳಿಯಬಹುದು ಅನ್ನುವುದೇ ಇದರ ಹುಚ್ಚು. ನಿಯಮ ಒಂದೇ. ಹತ್ತು ನಿಮಿಷ ರಸ್ತೆ ಪಕ್ಕ ನಿಂತರೆ ಎರಡಕ್ಕಿಂತ ಹೆಚ್ಚು ಗಾಡಿ ಹೋಗಬಾರದು. ಎಸ್ಟೇಟ್ ಪಿಕಪ್, ಹಾಲಿನ ಗಾಡಿ, ಊರಿನ ಬಸ್ಸಿಗೆ ವಿನಾಯಿತಿ. ಹೆತ್ತೂರು, ವಣಗೂರು ದಾಟಿ ಬಿಸಿಲೆಗೆ ಹೋಗಿ, ಅಲ್ಲಿಂದ ಕಾಡೊಳಗೆ ಇಳಿದು ಕುಳ್ಕುಂದ ತಲುಪುವ ದಾರಿ ಈ ಪರೀಕ್ಷೆಯಲ್ಲಿ ರಾಜನ ಹಾಗೆ ಪಾಸಾಗಿತ್ತು. ಆದರೆ ಪಟ್ಟಿಯಲ್ಲಿ ಪ್ರತಿ ಏರಿಗೂ ಎಷ್ಟು ಮೀಟರ್, ಎಷ್ಟು ಶೇಕಡಾ (ನೂರು ಮೀಟರ್ ಸಾಗಿದರೆ ಎಷ್ಟು ಮೀಟರ್ ಏರು) ಅಂತ ಬರೆಯುತ್ತೇನಲ್ಲ, ಎಡವಿದ್ದು ಅಲ್ಲಿ. ನಾನು ಬರೆದ ಅಂಕಿ ನಂಬಿ ಹೋದ ಗೆಳೆಯರೊಬ್ಬರು ವಾಪಸ್ ಬಂದು "ನಿಮ್ಮ 18 ಪರ್ಸೆಂಟ್ ಎಲ್ಲಿತ್ತು ಮಾರಾಯ್ರೆ? ಹುಡುಕಿದರೂ ಸಿಗಲಿಲ್ಲ" ಅಂದರು. ಅದೇ ಪಟ್ಟಿಯಲ್ಲಿ 6 ಅಂತ ಬರೆದ ಇನ್ನೊಂದು ಕಡೆ ಅವರು ಸೈಕಲ್ ತಳ್ಳಿದ್ದರು.

ಆ 18 ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ. ನಾವು ರೂಟ್ ಎಳೆದಾಗ ಆ್ಯಪ್ ಕೊಡುವ ಎತ್ತರ ರಸ್ತೆಯಲ್ಲಿ ಅಳೆದದ್ದಲ್ಲ. ಹೆಚ್ಚಿನ ಆ್ಯಪ್‌ಗಳಿಗೆ ಆಧಾರ 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 11 ದಿನ ಭೂಮಿ ಸುತ್ತಿ ರೇಡಾರಿನಲ್ಲಿ ತೆಗೆದ ನಕ್ಷೆ. ಅದರ ಒಂದೊಂದು ಚೌಕ ಸುಮಾರು 30 ಮೀಟರ್ ಅಗಲ. ಬಯಲುಸೀಮೆಯಲ್ಲಿ ಇದು ಸಾಕೋ ಸಾಕು. ಘಾಟಿಯಲ್ಲಿ ರಸ್ತೆ ಇರುವುದೇ ಇಳಿಜಾರಿನ ಸೊಂಟದ ಮೇಲೆ. ನಕ್ಷೆಯ ಗೆರೆ 20 ಮೀಟರ್ ಆಚೆ ಸರಿದರೆ ಎತ್ತರ 10 ಮೀಟರ್ ಹಾರುತ್ತದೆ. ಇನ್ನೊಂದು ತಮಾಷೆ ನೋಡಿ. ಆ ರೇಡಾರಿಗೆ ಬಿಸಿಲೆಯ ಕಾಡಿನ ಎಲೆ ತೂರಿ ನೆಲ ಮುಟ್ಟುವ ಶಕ್ತಿ ಇಲ್ಲ. ಮರದ ನೆತ್ತಿಯ ಹತ್ತಿರವೇ ತಟ್ಟಿ ವಾಪಸ್ ಬರುತ್ತದೆ. ಅಂದರೆ ಆ್ಯಪ್ ಪ್ರಕಾರ ನೀವು ಮರದ ತುದಿಯಲ್ಲಿ ಸೈಕಲ್ ಹೊಡೆಯುತ್ತಿದ್ದೀರಿ. ಕಾಡು ಮುಗಿದು ಗದ್ದೆ ಬಂದರೆ ದೊಪ್ಪೆಂದು ಕೆಳಗೆ, ಮತ್ತೆ ಕಾಡು ಬಂದರೆ ಮೇಲೆ. ಇಲ್ಲದ ಏರು, ಇಲ್ಲದ ಇಳುಕಲು ಎಲ್ಲ ಕೂಡಿ ನನ್ನ ಪಟ್ಟಿ ಸೇರಿತ್ತು.

ಆ ಸುಳ್ಳು 18ಕ್ಕೆ ಹೆದರಿಯೇ ನಾನು ಹೊಸ ಕ್ಯಾಸೆಟ್, ಅಂದರೆ ಹಿಂದಿನ ಚಕ್ರದ ಹಲ್ಲುಗಾಲಿಗಳ ಕಟ್ಟು ತರಿಸಿದ್ದು. 11-34 ಬೇಕು ಅಂದೆ, ಚಿಕ್ಕದಕ್ಕೆ 11 ಹಲ್ಲು, ದೊಡ್ಡದಕ್ಕೆ 34. ಬಾಕ್ಸ್ ಮೇಲೆ 11-34 ಅಂತಲೇ ಇತ್ತು. ಒಳಗೆ 11-28. ಫೋನ್ ಮಾಡಿದರೆ ಆ ಕಡೆಯ ಹುಡುಗ "ಸಾರ್, ಬಾಕ್ಸ್ ಮೇಲೆ 34 ಅಂತ ಇದೆ ಅಂತ ನೀವೇ ಹೇಳ್ತಿದ್ದೀರಲ್ಲ" ಅಂದ. ಹಾಗಾದರೆ ಚೈನನ್ನು ಬಾಕ್ಸಿಗೇ ಸುತ್ತಲಾ? ವಾಪಸ್ ಕಳಿಸಿದ್ದಕ್ಕೆ ಎರಡನೇ ಪಾರ್ಸೆಲ್ ಬಂತು. ಅದರಲ್ಲೂ 28. ಮೂರನೆಯದರಲ್ಲಿ 34 ಬಂತು, ಅದನ್ನು ಬಿಗಿಯುವ ಲಾಕ್‌ರಿಂಗ್ ಇರಲಿಲ್ಲ. ಹಳೆಯದರದ್ದನ್ನೇ ಹಾಕಿಕೊಂಡೆ. ಬೈದುಕೊಂಡೇ ಹೇಳುತ್ತೇನೆ, 34 ಬಂದದ್ದು ಒಳ್ಳೆಯದೇ ಆಯಿತು. ಮುಂದೆ 34 ಹಲ್ಲು, ಹಿಂದೆ 34 ಹಲ್ಲು ಇದ್ದರೆ ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ ಏಳೂವರೆ ಕಿ.ಮೀ.ನಲ್ಲಿ ಸಾಗಬಹುದು. 28ರಲ್ಲಿ ಅದೇ ಸುತ್ತಿಗೆ 9 ದಾಟುತ್ತದೆ. ನಲವತ್ತೈದು ದಾಟಿದ ಮೊಣಕಾಲಿಗೆ ಆ ಒಂದೂವರೆ ಕಿ.ಮೀ. ಬಹಳ ದೊಡ್ಡದು.

ನಕ್ಷೆ ಬಿಟ್ಟು ನಾವೇ ಅಳೆಯೋಣ ಅಂತ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇರುವ ಸೈಕಲ್ ಕಂಪ್ಯೂಟರ್‌ಗೆ, ಅಂದರೆ ಈ ಮೀಟರಿಗೆ ಬಂದೆ. ಗಾಳಿಯ ಒತ್ತಡ 1 ಹೆಕ್ಟೊಪ್ಯಾಸ್ಕಲ್ ಇಳಿದರೆ ನಮ್ಮ ಮಲೆನಾಡಿನ ಎತ್ತರದಲ್ಲಿ ಸುಮಾರು 9 ಮೀಟರ್ ಏರಿದ ಲೆಕ್ಕ. ಆದರೆ ಹೊರಡುವ ಜಾಗದ ನಿಜವಾದ ಎತ್ತರ ಅದಕ್ಕೆ ಹೇಳಿಕೊಡಬೇಕು. ಅದಕ್ಕೆ ಸಿಕ್ಕಿದ್ದು ರೈಲ್ವೆ ಬೋರ್ಡು. ನಮ್ಮ ದೇಶದ ಸ್ಟೇಷನ್ ಬೋರ್ಡುಗಳಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ಸಣ್ಣದಾಗಿ ಬರೆದಿರುತ್ತದೆ. ಇಷ್ಟು ವರ್ಷ ಅದರ ಕೆಳಗೆ ನಿಂತು ಚಹಾ ಕುಡಿದಿದ್ದೇನೆ, ಉಪಯೋಗಕ್ಕೆ ಬರುತ್ತದೆ ಅಂತ ಹೊಳೆದಿರಲಿಲ್ಲ. ಮೇಲೆ ಸಕಲೇಶಪುರದ ಬೋರ್ಡು, ಘಾಟಿಯ ಕೆಳಗೆ ನೆಟ್ಟಣದಲ್ಲಿ ಸುಬ್ರಹ್ಮಣ್ಯ ರೋಡ್ ಬೋರ್ಡು. ಎರಡರ ನಡುವೆ ರೈಲು 57 ಸುರಂಗ, 109 ಸೇತುವೆ ದಾಟಿ, 50 ಮೀಟರಿಗೆ 1 ಮೀಟರಿನಂತೆ ನಿಧಾನಕ್ಕೆ ಇಳಿಯುತ್ತದೆ. ಬರೀ 2 ಪರ್ಸೆಂಟ್! ಆ ಹಳಿಯ ಪಕ್ಕ ಒಂದು ಸೈಕಲ್ ದಾರಿ ಇದ್ದಿದ್ದರೆ ಈ ಬರಹವೇ ಬೇಕಿರಲಿಲ್ಲ.

ಮಾತಿಗೆ ಮಾತು ಬಂತು, ಹೇಳಿಬಿಡುತ್ತೇನೆ. ಮುಂದಿನ ಯೋಜನೆ ಕಳಸ. ಕಳಸದಿಂದ ಸಂಸೆ, ಕುದುರೆಮುಖ, ಆಮೇಲೆ ಕೆರೆಕಟ್ಟೆ ಕಡೆಯಿಂದ ಶೃಂಗೇರಿ. ಕುದುರೆಮುಖದ ಕಬ್ಬಿಣದ ಗಣಿ ನಿಂತದ್ದು 2005ರ ಕೊನೆಗೆ. ಗಣಿ ನಡೆಯುತ್ತಿದ್ದಾಗಲೂ ಅದಿರನ್ನು ನೀರಿನಲ್ಲಿ ಕಲಸಿ ಪೈಪಿನಲ್ಲೇ ಮಂಗಳೂರಿಗೆ ಇಳಿಸುತ್ತಿದ್ದರು. ಘಾಟಿಯ ಇಳಿಜಾರನ್ನು ಅಷ್ಟು ಚೆನ್ನಾಗಿ ಬಳಸಿಕೊಂಡವರು ಇನ್ನಾರಿದ್ದಾರೆ? ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿ ಸೈಕಲ್‌ಗೆ ಏನನ್ನುತ್ತಾರೆ ಅಂತ ಮೊದಲು ವಿಚಾರಿಸಬೇಕು. ಇರಲಿ, ಸ್ಟೇಷನ್ನಿಗೆ ವಾಪಸ್ ಬರೋಣ.

ಮೊದಲ ಅನುಮಾನ ಮಳೆಯ ಮೇಲೆ. ಮೀಟರಿನ ಹಿಂದೆ ಸೂಜಿಯಷ್ಟು ತೂತು ಇರುತ್ತದಲ್ಲ, ಬೆವರೋ ನೀರೋ ಹೊಕ್ಕರೆ ಒತ್ತಡ ತಪ್ಪಾಗುತ್ತದೆ. ಆಗಷ್ಟೇ ಹೂಮಳೆ ಬಿದ್ದು ತೋಟಗಳೆಲ್ಲ ಬೆಳ್ಳಗೆ ಅರಳಿದ್ದವು. ಕಾಫಿ ಹೂವಿನ ವಾಸನೆಗೆ ಮಧ್ಯೆ ಮಧ್ಯೆ ನಿಂತದ್ದೇ ಜಾಸ್ತಿ. ತೂತು ಒಣಗಿಸಿದೆ. ಏನೂ ಆಗಲಿಲ್ಲ. ಆಮೇಲೆ ಬಿಸಿಲಿನ ಮೇಲೆ ಅನುಮಾನ ಬಂತು. ಮೀಟರಿಗೆ ಬಿಳಿ ಬಟ್ಟೆಯ ಟೋಪಿ ಹೊಲಿದೆ. ಹಾನುಬಾಳಿನಲ್ಲಿ ಒಬ್ಬ ಅಜ್ಜ ಅದನ್ನು ನೋಡಿ "ಅದಕ್ಕೂ ಶೀತ ಆಗ್ತದಾ?" ಅಂತ ಕೇಳಿದ್ದು ಬಿಟ್ಟರೆ ಟೋಪಿಯಿಂದ ಬೇರೆ ಪರಿಣಾಮ ಕಾಣಲಿಲ್ಲ. ಮಾರಿದವರಿಗೆ ಬರೆದೆ. ಫರ್ಮ್‌ವೇರ್ ಅಪ್‌ಡೇಟ್ ಮಾಡಿ ಅಂದರು. ಮಾಡಿದೆ. ಭಾಷೆಗಳ ಪಟ್ಟಿಯಲ್ಲಿ ಎರಡು ಹೊಸ ಭಾಷೆ ಬಂದವು, ಕನ್ನಡ ಅಲ್ಲ. 28 ಮೀಟರ್ ಹಾಗೇ ಇತ್ತು.

ಬೇಜಾರಾಗಿ ಹಾಸನದ ಮನೆಯಲ್ಲಿ ಅದನ್ನು ಟೇಬಲ್ ಮೇಲಿಟ್ಟು, ರೆಕಾರ್ಡ್ ಒತ್ತಿ, ಚಾರ್ಜರಿಗೆ ಸಿಕ್ಕಿಸಿ 24 ಗಂಟೆ ಬಿಟ್ಟೆ. ಮಾರನೇ ದಿನ ಗ್ರಾಫ್ ತೆಗೆದು ನೋಡಿದರೆ, ಅಲುಗದೆ ಕೂತ ಯಂತ್ರ ಬೆಳಗ್ಗೆ 10ರಿಂದ ಹತ್ತತೊಡಗಿ ಸಂಜೆ 4ಕ್ಕೆ ಶಿಖರ ಮುಟ್ಟಿದೆ. ಆಮೇಲೆ ಇಳಿಯುತ್ತಾ ಬಂದು ರಾತ್ರಿ 10ಕ್ಕೆ ತಳ. ಬೆಳಗಿನ ಜಾವ 4ಕ್ಕೆ ಇನ್ನೊಂದು ಸಣ್ಣ ಗುಡ್ಡ. ಅಷ್ಟು ನುಣುಪಾದ ಅಲೆ ಕೆಟ್ಟ ಯಂತ್ರದಿಂದ ಬರುವುದಿಲ್ಲ. ಹುಡುಕಿ ಓದಿದಾಗ ಗೊತ್ತಾಯಿತು. ಸಮುದ್ರಕ್ಕೆ ಇದ್ದ ಹಾಗೆ ಗಾಳಿಗೂ ಭರತ ಇಳಿತ ಇದೆ. ಇದು ಹೆಚ್ಚಾಗಿ ಸೂರ್ಯನ ಕೆಲಸ. ಮೇಲಿನ ಓಝೋನು, ಕೆಳಗಿನ ನೀರಾವಿ ಬಿಸಿಲು ಹೀರಿ ಕಾದು, ಇಡೀ ವಾತಾವರಣ ದಿನಕ್ಕೆ ಎರಡು ಸಲ ಉಬ್ಬಿ ಇಳಿಯುತ್ತದೆ. 10ರ ಆಸುಪಾಸಿನಲ್ಲಿ ಒತ್ತಡ ಜಾಸ್ತಿ, 4ರ ಆಸುಪಾಸಿನಲ್ಲಿ ಕಡಿಮೆ. ನಮ್ಮಂಥ ಉಷ್ಣವಲಯದಲ್ಲಿ ವ್ಯತ್ಯಾಸ 3 ಹೆಕ್ಟೊಪ್ಯಾಸ್ಕಲ್ ಆಗುವುದು ಮಾಮೂಲು. ಒಂಬತ್ತು ಮೂರಲೆ ಇಪ್ಪತ್ತೇಳು! ಉತ್ತರದ ಚಳಿ ದೇಶಗಳಲ್ಲಿ ಈ ಅಲೆ ತೀರಾ ಸಣ್ಣದು. ನನ್ನ ಮೀಟರಿನ ಕೈಪಿಡಿಯಲ್ಲಿ ಇದರ ಸುದ್ದಿಯೇ ಇಲ್ಲ.

ಯಾವಾಗಲೂ ಮೇಲಕ್ಕೇ ಯಾಕೆ ತಪ್ಪುತ್ತಿತ್ತು ಅನ್ನುವುದಕ್ಕೂ ಉತ್ತರ ಸಿಕ್ಕಿತು. ಅದಕ್ಕೆ ಕಾರಣ ಆನೆ. ಆ ಭಾಗದಲ್ಲಿ ಆನೆ ಕಾಟ ಗೊತ್ತಲ್ಲ. ಊರಿನವರು ಎದ್ದು ಓಡಾಡಿ, ದಾರಿ ಸರಿ ಇದೆ ಅಂತ ಹೇಳುವವರೆಗೆ ನಾನು ಹೊರಡುವುದಿಲ್ಲ. ಹಾಗಾಗಿ ಶುರು ಮಾಡುವುದು ಒಂಬತ್ತೂವರೆ, ಹತ್ತಕ್ಕೆ. ಕತ್ತಲಿಗೆ ಮೊದಲು ಗೂಡು ಸೇರಬೇಕು ಅಂತ ಮುಗಿಸುವುದು ನಾಲ್ಕಕ್ಕೆ. ಗಾಳಿಯ ಭರತದಲ್ಲಿ ಹೊರಟು, ಸರಿಯಾಗಿ ಇಳಿತದಲ್ಲಿ ವಾಪಸ್!

ಮದ್ದು ಸುಲಭ. ಒತ್ತಡ ಅಳೆಯುವ ಸೆನ್ಸರ್ ಇರುವ ಹಳೆಯ ಫೋನೊಂದನ್ನು ಸಕಲೇಶಪುರದ ಗೆಳೆಯನ ಮನೆಯಲ್ಲಿ ರೆಕಾರ್ಡಿಗೆ ಇಟ್ಟೆ. ಸೈಕಲ್ಲಿನ ಅಂಕಿಯಿಂದ ಫೋನಿನ ಏರಿಳಿತ ಕಳೆದರೆ ಆಯಿತು. ಮೊದಲ ದಿನದ ಲೆಕ್ಕದಲ್ಲಿ ಎಲ್ಲ ಸರಿ ಬಂದು, ಮಧ್ಯಾಹ್ನ 1.20ಕ್ಕೆ ಮಾತ್ರ ಇದ್ದಕ್ಕಿದ್ದಂತೆ 3 ಮೀಟರಿನ ಮೆಟ್ಟಿಲು. ತಲೆ ಕೆರೆದುಕೊಂಡು ಗೆಳೆಯನಿಗೆ ಫೋನ್ ಮಾಡಿದೆ. ಅವನ ಅಮ್ಮ ಹಿಂದಿನಿಂದ ಕೂಗಿದರು: "ಅಟ್ಟದ ಮೇಲೆ ಶೆಕೆ, ಪಾಪ ಕಾದುಹೋಗಿತ್ತು, ಕೆಳಗೆ ದೇವರ ಮನೆ ಪಕ್ಕ ಇಟ್ಟೆ ಕಣಪ್ಪ." ಅಟ್ಟದಿಂದ ಜಗಲಿಗೆ ಸರಿಯಾಗಿ 3 ಮೀಟರ್. ಆ ಯಂತ್ರದ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಆ ಕ್ಷಣದಲ್ಲಿ.

ಈಗ ಸ್ಟೇಷನ್ನಿಗೆ ವಾಪಸ್ ಬಂದಾಗ ವ್ಯತ್ಯಾಸ 2 ಮೀಟರ್. ಬಿಸಿಲೆಯನ್ನು ಕೆಳಗಿನಿಂದ ಹತ್ತಿ ಹೊಸದಾಗಿ ಅಳೆದೆ. 18 ಎಲ್ಲೂ ಇಲ್ಲ. ಕಾಂಕ್ರೀಟಿನ ತಿರುವುಗಳಲ್ಲಿ 11ರ ಹತ್ತಿರ ಒಂದೆರಡು ಕಡೆ, ಉಳಿದದ್ದು 5ರಿಂದ 8. ಪಾಚಿ ಇರುವ ಕಡೆ ಎದ್ದು ನಿಂತು ತುಳಿಯಬೇಡಿ, ಹಿಂದಿನ ಚಕ್ರ ಜಾರುತ್ತದೆ. ಇಂಬಳ ಮಳೆಗಾಲದಲ್ಲಿ, ಈಗಲ್ಲ. ಮಂಕನಹಳ್ಳಿಯ ಹತ್ತಿರದ ರಿಡ್ಜ್ ಪಾಯಿಂಟಿನಲ್ಲಿ ನೀರು ಕುಡಿದೆ. ಅಲ್ಲಿ ಒಂದು ಕಡೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ, ಇನ್ನೊಂದು ಕಡೆಯದು ಕುಮಾರಧಾರಾ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಬಾಟಲಿಯಲ್ಲಿ ಉಳಿದ ಗುಟುಕನ್ನು ಯಾವ ಕಡೆ ಚೆಲ್ಲಲಿ ಅಂತ ಐದು ನಿಮಿಷ ಯೋಚಿಸಿ, ಕೊನೆಗೆ ಕುಡಿದುಬಿಟ್ಟೆ.

ತಿದ್ದಿದ ಪಟ್ಟಿ ಈ ವಾರ ಹಾಕುತ್ತೇನೆ. ಕಳಸದ ಕಡೆ ಹೊಸ ತೊಡಕು ಈಗಲೇ ಕಾಣುತ್ತಿದೆ. ಅಲ್ಲಿ ರೈಲೇ ಇಲ್ಲ, ಹಳದಿ ಬೋರ್ಡೂ ಇಲ್ಲ. ಸರ್ವೆ ಆಫ್ ಇಂಡಿಯಾದವರು ಹಳೆಯ ಸೇತುವೆ, ಬಂಗಲೆ, ಕಟ್ಟೆಗಳ ಕಲ್ಲಿನಲ್ಲಿ 'ಜಿಟಿಎಸ್ ಬಿಎಂ' ಅಂತ ಇಂಗ್ಲಿಷಿನಲ್ಲಿ ಕೆತ್ತಿದ ಎತ್ತರದ ಗುರುತುಗಳಿರುತ್ತವಲ್ಲ, ಕಳಸ, ಮಾಗುಂಡಿ, ಬಾಳೆಹೊನ್ನೂರು ದಾರಿಯಲ್ಲಿ ಅಂಥದ್ದನ್ನು ಯಾರಾದರೂ ನೋಡಿದ್ದರೆ ಫೋಟೋ ಕಳಿಸಿ. ಫೋನ್ ಇಡಲು ಮನೆ ಸಿಕ್ಕಿದೆ. ಅಟ್ಟ ಇಲ್ಲದ ಮನೆ.