ಹಳೆಯ ಇ36, ಡ್ರಿಫ್ಟ್ ಕಲಿಕೆ ಮತ್ತು ದಿನದ ಓಡಾಟ

1990ರ ದಶಕದ ಬಿಎಂಡಬ್ಲ್ಯು ಇ36 ಕಾರನ್ನು ಡ್ರಿಫ್ಟಿಂಗ್ (ತಿರುವಿನಲ್ಲಿ ಕಾರನ್ನು ಬೇಕೆಂದೇ ಅಡ್ಡ ಜಾರಿಸಿ ಓಡಿಸುವುದು) ಕಲಿಯಲು ಸಜ್ಜುಗೊಳಿಸುವವರಲ್ಲಿ ಅನೇಕರು ಮೊದಲು ಎಂಜಿನ್ ಶಕ್ತಿ ಹೆಚ್ಚಿಸುವ ಟರ್ಬೊದ ಮಾತೆತ್ತುತ್ತಾರೆ. ನನ್ನ ಮಟ್ಟಿಗೆ ಮೊದಲ ಹಣ ಹೋಗಬೇಕಾದದ್ದು ಕೂಲಿಂಗ್ ವ್ಯವಸ್ಥೆಗೆ, ಏಕೆಂದರೆ ವಯಸ್ಸಾದ ವಾಟರ್ ಪಂಪಿನ ಪ್ಲಾಸ್ಟಿಕ್ ಇಂಪೆಲ್ಲರ್ (ನೀರನ್ನು ತಳ್ಳುವ ರೆಕ್ಕೆಚಕ್ರ) ಒಡೆದರೆ, ಬಿಸಿಯೇರಿದ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಸೊಟ್ಟಗಾಗಲು ಹೆಚ್ಚು ಹೊತ್ತು ಬೇಕಿಲ್ಲ. ಆಮೇಲೆ ಸಸ್ಪೆನ್ಷನ್ ಕೀಲುಗಳಿಗೆ ಹೊಸ ಬುಷ್‌ಗಳು ಮತ್ತು ಮೈಯನ್ನು ಬಿಗಿಯಾಗಿ ಹಿಡಿಯುವ ಬಕೆಟ್ ಸೀಟು ಇದ್ದರೆ ಆರಂಭಕ್ಕೆ ಸಾಕು. ತಿರುವಿನಲ್ಲಿ ಎಡ-ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ನೊಳಗಿನ ಗೇರುಗಳನ್ನು ವೆಲ್ಡ್ ಮಾಡಿಸಿದರೆ ಹಿಂದಿನ ಎರಡೂ ಚಕ್ರಗಳು ಒಂದೇ ವೇಗದಲ್ಲಿ ತಿರುಗಿ, ಕಡಿಮೆ ಖರ್ಚಿನಲ್ಲಿ ಕಾರು ಅಡ್ಡ ಜಾರುತ್ತದೆ, ನಿಜ. ಆದರೆ ಅದೇ ಕಾರಿನಲ್ಲಿ ತರಕಾರಿ ತರಲು ಹೋದಾಗ ಪಾರ್ಕಿಂಗ್‌ನ ಪ್ರತಿ ತಿರುವಿನಲ್ಲೂ ಟೈರು ಕಿರ್ರೆಂದು ಉಜ್ಜಿಕೊಳ್ಳುತ್ತದೆ, ಜನರೂ ತಿರುಗಿ ನೋಡುತ್ತಾರೆ. ರಸ್ತೆಗೂ ಟ್ರ್ಯಾಕಿಗೂ ಒಂದೇ ಕಾರು ಎನ್ನುವವರಿಗೆ, ತುಸು ದುಬಾರಿಯಾದರೂ, ಚಕ್ರಗಳ ವೇಗದ ವ್ಯತ್ಯಾಸವನ್ನು ಪೂರ್ತಿ ತಡೆಯದೆ ಮಿತಿಯಲ್ಲಿಡುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿಸುವುದೇ ವಾಸಿ.