ಓಸಿಡಿಗೆ ಡಿಬಿಎಸ್: ಆಪರೇಷನ್‌ಗಿಂತ ಹಿಂದಿನದು, ಮುಂದಿನದು

"ತಲೀಗೆ ಕರೆಂಟ್ ಕೊಟ್ರ ಈ ತೊಳಿಯೋ ಚಟಾ ಬಿಡ್ತೈತೇನ್ರೀ?" ಬೆಳಗಾವಿ, ವಿಜಯಪುರದ ಕಡೆ ಓಸಿಡಿ (ಬೇಡದ ಯೋಚನೆ ಕಾಡಿ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಗೀಳು ರೋಗ) ಇರುವವರ ಮನೆಯವರು ಡಿಬಿಎಸ್ (ಡೀಪ್ ಬ್ರೇನ್ ಸ್ಟಿಮ್ಯುಲೇಷನ್) ಬಗ್ಗೆ ಕೇಳುವುದು ಹೆಚ್ಚುಕಡಿಮೆ ಹೀಗೇ. ಇಲ್ಲಿ ಎರಡು ಚಿಕಿತ್ಸೆ ಕಲಸಿಹೋಗಿವೆ. ಶಾಕ್ ಎನ್ನುವ ಇಸಿಟಿಯಲ್ಲಿ ಅರಿವಳಿಕೆ ಕೊಟ್ಟು, ಹೊರಗಿನಿಂದ ಕೆಲವೇ ಸೆಕೆಂಡ್ ವಿದ್ಯುತ್ ಹಾಯಿಸುತ್ತಾರೆ. ಡಿಬಿಎಸ್‌ನಲ್ಲಿ ಮೆದುಳಿನ ಆಳದಲ್ಲಿ ತಂತಿ ಕೂಡಿಸಿ, ಎದೆಯ ಚರ್ಮದ ಕೆಳಗಿಟ್ಟ ಬ್ಯಾಟರಿಯಿಂದ ಹಗಲೂ ರಾತ್ರಿ ಸಣ್ಣ ಮಿಡಿತ ಕಳಿಸುತ್ತಾರೆ.

ಆಪರೇಷನ್ ಬಗ್ಗೆ ವಿಚಾರಿಸುವ ಬಹಳ ಮಂದಿ ಇನ್ನೂ ಆ ಹಂತಕ್ಕೇ ಬಂದಿರುವುದಿಲ್ಲ. ಚೀಟಿ ತೆರೆದರೆ ಸರ್ಟ್ರಾಲಿನ್ 50 ಮಿಲಿಗ್ರಾಂ, ಜೊತೆಗೊಂದು ನಿದ್ದೆ ಗುಳಿಗೆ. ಖಿನ್ನತೆಗೆ ಸಾಕಾಗುವ ಡೋಸ್ ಓಸಿಡಿಗೆ ಸಾಮಾನ್ಯವಾಗಿ ಸಾಲದು. ತಡೆದುಕೊಂಡರೆ ವೈದ್ಯರು ಸರ್ಟ್ರಾಲಿನ್ 200ಕ್ಕೆ, ಫ್ಲೂಆಕ್ಸೆಟಿನ್ 60-80ಕ್ಕೆ ಏರಿಸುತ್ತಾರೆ, ಅಲ್ಲಿ ನಿಲ್ಲಿಸಿ 12 ವಾರ ಕಾಯುತ್ತಾರೆ. ಅದು ಫಲಿಸದಿದ್ದರೆ ಇನ್ನೊಂದು, ಆಮೇಲೆ ಇಸಿಜಿ ನೋಡಿಕೊಂಡು ಕ್ಲೋಮಿಪ್ರಮಿನ್, ಜೊತೆಗೆ ರಿಸ್ಪೆರಿಡೋನ್ ಅಥವಾ ಅರಿಪಿಪ್ರಜೋಲ್ ಸಣ್ಣ ಪ್ರಮಾಣದಲ್ಲಿ.

ಇದರ ಪಕ್ಕದಲ್ಲೇ ಇಆರ್‌ಪಿ ನಡೆದಿರಬೇಕು. ಹೊಲಸೆನಿಸಿದ್ದನ್ನು ಮುಟ್ಟಿ, ಕೈ ತೊಳೆಯದೆ, ಎದೆಯ ಡವಡವ ತಾನಾಗಿ ಇಳಿಯುವವರೆಗೆ ಕೂರುವ ತರಬೇತಿ ಅದು. ನಮ್ಮ ಕಡೆ ಇದು ಕೆಡುವುದು ಮನೆಯಲ್ಲೇ. ಟ್ಯಾಂಕರ್ ನೀರು ಕೊಂಡು ತಂದು ಮಗನ ಮುಂದೆ ಕೊಡ ಇಡುವ ತಾಯಿ ಅದನ್ನು ಅಕ್ಕರೆಯಿಂದಲೇ ಮಾಡುತ್ತಾಳೆ, ರೋಗ ಮಾತ್ರ ಅದರಿಂದಲೇ ಬಲಿಯುತ್ತದೆ. ಮಡಿ ಜಾಸ್ತಿ ಅಂತ ವರ್ಷಗಟ್ಟಲೆ ಬಿಟ್ಟವರೂ ಇದ್ದಾರೆ. ಮಡಿಯಲ್ಲಿ ಸ್ನಾನ, ಪೂಜೆ ಆದರೆ ಮುಗಿಯಿತು. ಓಸಿಡಿಯಲ್ಲಿ ಮುಗಿಯಿತು ಅನ್ನಿಸುವುದೇ ಇಲ್ಲ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ದೂರವೇನಲ್ಲ, 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೆಂದೇ ಕ್ಲಿನಿಕ್ ಇದೆ.

ಇಷ್ಟೆಲ್ಲ ಆಗಿಯೂ, ರೋಗಕ್ಕೆ ಐದು ವರ್ಷ ದಾಟಿ, ಓಸಿಡಿಯ ತೀವ್ರತೆ ಅಳೆಯುವ ವೈ-ಬಾಕ್ಸ್ ಮಾಪನದಲ್ಲಿ 40ಕ್ಕೆ 28 ಅಥವಾ ಹೆಚ್ಚು ಅಂಕ ಇದ್ದರೆ ಆಗ ಡಿಬಿಎಸ್ ಮಾತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 96ನೇ ಕಲಂ ಪ್ರಕಾರ ಮನೋಶಸ್ತ್ರಚಿಕಿತ್ಸೆಗೆ (ಮನೋರೋಗಕ್ಕೆಂದು ಮೆದುಳಿಗೆ ಮಾಡುವ ಆಪರೇಷನ್) ರೋಗಿಯದೇ ತಿಳಿದು ಕೊಟ್ಟ ಒಪ್ಪಿಗೆ ಬೇಕು, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿಯೂ ಬೇಕು. ಅಣ್ಣನೋ ಮಾವನೋ ಸಹಿ ಹಾಕಿದರೆ ನಡೆಯದು. ಇದು ಒಳ್ಳೆಯದೇ.

ಓಸಿಡಿಗೆ ಇದನ್ನು ಮೊದಲು ಮಾಡಿದ್ದು ಬೆಲ್ಜಿಯಂನ ಲ್ಯೂವೆನ್‌ನಲ್ಲಿ, ವರದಿ ಬಂದಿದ್ದು 1999ರಲ್ಲಿ. ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಸೀಮಿತ ಅನುಮತಿ ಕೊಟ್ಟಿತು. ತಲೆಗೆ ಚೌಕಟ್ಟು ಬಿಗಿದು, ಎಂಆರ್‌ಐ ಮತ್ತು ಸಿಟಿ ಚಿತ್ರ ಒಂದರ ಮೇಲೊಂದು ಕೂಡಿಸಿ ಗುರಿ ಲೆಕ್ಕ ಹಾಕುತ್ತಾರೆ. ತಲೆಬುರುಡೆಯ ಎರಡೂ ಬದಿ ಸಣ್ಣ ರಂಧ್ರ ಕೊರೆದು, 1.3 ಮಿಲಿಮೀಟರ್‌ನಷ್ಟು ದಪ್ಪದ ತಂತಿ ಇಳಿಸುತ್ತಾರೆ. ಗುರಿ ಇಂಟರ್ನಲ್ ಕ್ಯಾಪ್ಸೂಲ್‌ನ ಮುಂಭಾಗ ಮತ್ತು ಅದರ ಬುಡ, ಕೆಲವೆಡೆ ಸಬ್‌ಥಲಾಮಿಕ್ ನ್ಯೂಕ್ಲಿಯಸ್. ಹಣೆಯ ಹಿಂದಿನ ಮೆದುಳಿಗೂ ಆಳದ ಗಂಟುಗಳಿಗೂ ನಡುವೆ ಸುತ್ತುವ ಸಂದೇಶ ಹಾದುಹೋಗುವ ದಾರಿ ಇದು. ಮೆದುಳಲ್ಲಿ ರಕ್ತಸ್ರಾವದ ಅಪಾಯ ಕಡಿಮೆ, ಆದರೆ ಇದೆ. ಸೋಂಕು ತಗುಲಿದರೆ ಕೆಲವೊಮ್ಮೆ ಇಡೀ ಸಾಮಾನು ಹೊರತೆಗೆಯಬೇಕಾಗುತ್ತದೆ.

ಅಸಲಿ ಕೆಲಸ ಕೆಲವು ವಾರದ ಮೇಲೆ, ಪ್ರೋಗ್ರಾಮಿಂಗ್ ಕೋಣೆಯಲ್ಲಿ. ಸಾಮಾನ್ಯ ತಂತಿಯ ತುದಿಯಲ್ಲಿ ನಾಲ್ಕು ಸಂಪರ್ಕ ಬಿಂದುಗಳಿರುತ್ತವೆ. ವೈದ್ಯರು ಒಂದೊಂದನ್ನೇ ಚಾಲೂ ಮಾಡಿ, ಸೆಕೆಂಡಿಗೆ ಸುಮಾರು 130 ಮಿಡಿತ ಇಟ್ಟು, ಕರೆಂಟನ್ನು ಸಣ್ಣ ಸಣ್ಣ ಮೆಟ್ಟಿಲಲ್ಲಿ ಏರಿಸುತ್ತ ಮುಖ ನೋಡುತ್ತಾರೆ. ಒಂದು ಬಿಂದುವಿಗೆ ಮೈ ಬಿಸಿಯಾಗಿ ಗಾಬರಿ, ಇನ್ನೊಂದಕ್ಕೆ ಏನೂ ಇಲ್ಲ, ಮತ್ತೊಂದಕ್ಕೆ ಕಾರಣವಿಲ್ಲದೆ ತುಟಿಯಂಚಿನಲ್ಲಿ ನಗೆ. ನಗೆ ಬಂದ ಬಿಂದು ಒಳ್ಳೆಯ ಸೂಚನೆ ಎಂದು ಎಣಿಸುವವರುಂಟು. ಮನಸ್ಸು ಮೊದಲು ಹಗುರಾಗುತ್ತದೆ, ಗೀಳು ಇಳಿಯಲು ತಿಂಗಳುಗಳೇ ಬೇಕು. ಅದಕ್ಕೇ ಮೊದಲ ವರ್ಷ ಮತ್ತೆ ಮತ್ತೆ ಆಸ್ಪತ್ರೆಗೆ ಹೋಗಬೇಕು. ಬೆಂಗಳೂರಿಗಾದರೆ ಬೆಳಗಾವಿಯವರಿಗೆ ರಾಣಿ ಚೆನ್ನಮ್ಮ, ವಿಜಯಪುರ ಬಾಗಲಕೋಟೆಯವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್, ಒಂದು ಬದಿಗೇ ಒಂದಿಡೀ ರಾತ್ರಿ. ಈ ಓಡಾಟಕ್ಕೆ ರಜೆ, ಹಣ, ಜೊತೆಗೆ ಬರುವವರು, ಮೂರನ್ನೂ ಆಪರೇಷನ್ನಿಗೆ ಮುಂಚೆಯೇ ಹೊಂದಿಸಿಟ್ಟುಕೊಳ್ಳಿ.

ಕರೆಂಟು ಹೆಚ್ಚಾದರೆ ಹೈಪೋಮೇನಿಯಾ ಬರಬಹುದು: ನಿದ್ದೆ ಇಲ್ಲ, ಮಾತು ನಿಲ್ಲುವುದಿಲ್ಲ, ರೊಕ್ಕ ಕೈಯಲ್ಲಿ ಉಳಿಯುವುದಿಲ್ಲ. ವರ್ಷಗಟ್ಟಲೆ ಮೂಲೆ ಹಿಡಿದಿದ್ದವನು ಹೀಗೆ ಚುರುಕಾದರೆ ಮನೆಯವರಿಗೆ ಖುಷಿಯೇ, ಆದ್ದರಿಂದ ವೈದ್ಯರಿಗೆ ಫೋನ್ ಮಾಡುವುದು ತಡವಾಗುತ್ತದೆ. ಎರಡು ರಾತ್ರಿ ನಿದ್ದೆ ತಪ್ಪಿದರೆ ಕಾಯಬೇಡಿ.

ಫಲದ ಲೆಕ್ಕವೂ ಸರಿಯಾಗಿ ಗೊತ್ತಿರಲಿ. ಪ್ರಕಟವಾದ ಅಧ್ಯಯನಗಳನ್ನು ಒಟ್ಟು ಹಿಡಿದರೆ ಹತ್ತರಲ್ಲಿ ಆರು ಮಂದಿಗೆ ಗುಣ ಕಂಡಿದೆ. ಆದರೆ ಗುಣ ಎಂದರೆ ವೈ-ಬಾಕ್ಸ್ ಅಂಕ ಕನಿಷ್ಠ 35 ಶೇಕಡಾ ಇಳಿಯುವುದು. 34 ಇದ್ದದ್ದು 22ಕ್ಕೆ ಬಂದರೂ ಅದೇ ಲೆಕ್ಕ. 22 ಅಂದರೆ ಇನ್ನೂ ಮಧ್ಯಮ ಪ್ರಮಾಣದ ಓಸಿಡಿ. ಆದರೆ ಮೊದಲು ಎರಡು ನಿಮಿಷ ಕೂರಲಾಗದಿದ್ದವರು ಈಗ ಇಆರ್‌ಪಿಗೆ ಕೂರಬಲ್ಲರು. ಗುಳಿಗೆಯೂ ಮುಂದುವರಿಯುತ್ತದೆ.

ಊರಲ್ಲಿ ನೆನಪಿಡಬೇಕಾದದ್ದು: ಸೊಂಟ ನೋವಿಗೆ ಫಿಜಿಯೋಥೆರಪಿಗೆ ಹೋದರೆ ಶಾರ್ಟ್‌ವೇವ್ ಡಯಾಥರ್ಮಿ (ವಿದ್ಯುತ್ ಅಲೆಯಿಂದ ಒಳಗೆ ಕಾವು ಕೊಡುವುದು) ಎಂದೂ ಬೇಡ. ಅದರ ಶಕ್ತಿ ತಂತಿಯ ಗುಂಟ ಇಳಿದು ಮೆದುಳಿನ ಅಂಗಾಂಶವನ್ನೇ ಸುಡಬಹುದು, ಯಂತ್ರ ಬಂದ್ ಇಟ್ಟರೂ ಸುಡಬಹುದು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ದುಡಿಯುವವರು ಇಂಡಕ್ಷನ್ ಫರ್ನೇಸ್, ಆರ್ಕ್ ವೆಲ್ಡಿಂಗ್ ಹತ್ತಿರದ ಕೆಲಸದ ಬಗ್ಗೆ ಮೊದಲೇ ಕೇಳಿಕೊಳ್ಳಬೇಕು. ಎಂಆರ್‌ಐ ಮಾಡಿಸುವ ಮೊದಲು ಯಂತ್ರದ ಕಾರ್ಡ್ ತೋರಿಸಿ. ಮಾದರಿ ನೋಡದೆ ಒಳಗೆ ಕರೆದೊಯ್ಯಬಾರದು.

ಕೊನೆಗೆ ಬ್ಯಾಟರಿ. ಓಸಿಡಿಗೆ ಪಾರ್ಕಿನ್ಸನ್‌ಗಿಂತ ಹೆಚ್ಚು ಕರೆಂಟ್ ಬೇಕಾಗುವುದರಿಂದ ರೀಚಾರ್ಜ್ ಆಗದ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಖಾಲಿಯಾದರೆ ಮೊದಲು ಮನಸ್ಸು ಕುಸಿಯುತ್ತದೆ, ಆತ್ಮಹತ್ಯೆಯ ಯೋಚನೆಯೂ ಬರಬಹುದು, ಹಿಂದೆಯೇ ಗೀಳು. ಬದಲಿಸಲು ಎದೆಯ ಭಾಗದ ಸಣ್ಣ ಆಪರೇಷನ್ ಸಾಕು, ಮೆದುಳಿಗೆ ಕೈ ಹಾಕುವುದಿಲ್ಲ. ಖರ್ಚು ಮಾತ್ರ ಸಣ್ಣದಲ್ಲ. ರೀಚಾರ್ಜ್ ಮಾಡುವ ಬಗೆ ವರ್ಷಾನುಗಟ್ಟಲೆ ಬಾಳುತ್ತದೆ, ಆದರೆ ತಪ್ಪದೆ ಚಾರ್ಜ್ ಹಾಕಬೇಕು. ಚಾರ್ಜ್ ಆಯಿತೋ ಇಲ್ಲವೋ ಎಂದು ನೂರು ಸಲ ಪರೀಕ್ಷಿಸುವ ಗೀಳಿನವರಿಗೆ ಯಾವುದು ಸೂಕ್ತ ಎಂಬುದನ್ನು ಆಪರೇಷನ್‌ಗೆ ಮೊದಲೇ ವೈದ್ಯರ ಜೊತೆ ಕೂತು ತೀರ್ಮಾನಿಸಿ.