ಎರಡನೇ ಮಂಗಳವಾರ ಬಂತೆಂದರೆ

ನಾನು ಮಾಡೋ ಕೆಲಸ ಏನು ಅಂತ ಮನೆಯಲ್ಲಿ ಇವತ್ತಿಗೂ ಸರಿಯಾಗಿ ಹೇಳೋಕೆ ಆಗಿಲ್ಲ. "ಕಂಪ್ಯೂಟರ್ ಪರದೆ ಕೆಳಗೆ ಒಂದು ಪಟ್ಟಿ ಇರುತ್ತಲ್ಲಮ್ಮ, ಸ್ಟಾರ್ಟ್ ಬಟನ್, ಗಡಿಯಾರ ಎಲ್ಲಾ ಇರೋದು, ಅದನ್ನ ಜನಕ್ಕೆ ಬೇಕಾದ ಹಾಗೆ ಬದಲಾಯಿಸೋ ಸಾಫ್ಟ್‌ವೇರ್ ಮಾಡ್ತೀವಿ" ಅಂದಾಗ ಅಮ್ಮ ಕೇಳಿದ್ದು ಒಂದೇ: "ಅದಕ್ಕೂ ಸಂಬಳ ಕೊಡ್ತಾರೇನೋ?"

ಕೊಡ್ತಾರೆ. ಬೆಂಗಳೂರಿನ ಪುಟ್ಟ ಕಂಪನಿ, ಐದೇ ಜನ. ನಮ್ಮ ಗಿರಾಕಿಗಳು ಹೆಚ್ಚಾಗಿ ಆಡಿಟರ್ ಆಫೀಸಿನವರು, ಬಿಲ್ಲಿಂಗ್ ಕೌಂಟರಿನವರು, ಬೆಳಿಗ್ಗೆಯಿಂದ ಸಂಜೆತನಕ ಒಂದೇ ಪರದೆ ಮುಂದೆ ಕೂರೋರು. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ ಮೈಕ್ರೋಸಾಫ್ಟ್‌ನವರು ಈ ಕೆಳಗಿನ ಪಟ್ಟಿಯನ್ನು, ಅಂದರೆ ಟಾಸ್ಕ್‌ಬಾರನ್ನು, ಬಹುಪಾಲು ಹೊಸದಾಗಿ ಬರೆದರು. ಹಾಗೆ ಬರೆಯುವಾಗ ಹಳೆಯದರಲ್ಲಿದ್ದ ಎಷ್ಟೋ ಅನುಕೂಲ ಬಿಟ್ಟುಹೋದವು. ಪಟ್ಟಿಯನ್ನು ಮೇಲಕ್ಕೋ ಪಕ್ಕಕ್ಕೋ ಇಟ್ಟುಕೊಳ್ಳೋದು ಹೋಯ್ತು. ಫೈಲನ್ನು ಎಳೆದು ಐಕಾನ್ ಮೇಲೆ ತರೋದು ಹೋಯ್ತು. ಆಡಿಟರ್‌ಗಳಿಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚಿದ್ದು ಬೇರೆ: ಹನ್ನೆರಡು ಎಕ್ಸೆಲ್ ಫೈಲ್ ತೆರೆದಿದ್ದರೂ ಕೆಳಗೆ ಕಾಣೋದು ಒಂದೇ ಹಸಿರು ಐಕಾನ್. ಯಾವ ಪಾರ್ಟಿಯ ಲೆಕ್ಕ ಎಲ್ಲಿದೆ ಅಂತ ನೋಡೋಕೆ ಪ್ರತಿಸಲ ಮೌಸ್ ಇಟ್ಟು ಕಾಯಬೇಕು. ಹೆಸರು ಬೇರೆಬೇರೆಯಾಗಿ ಕಾಣೋ ಆಯ್ಕೆಯನ್ನು ಮೈಕ್ರೋಸಾಫ್ಟ್‌ನವರೇ 2023ರಲ್ಲಿ ವಾಪಸ್ ಕೊಟ್ಟರು, ಆದರೆ ಆ ನಡುವಿನ ಎರಡು ವರ್ಷ ನಮ್ಮ ಹೊಟ್ಟೆ ತುಂಬಿಸಿತು.

ಹೋದ ಅನುಕೂಲ ವಾಪಸ್ ತರೋಕೆ ದಾರಿ ಎರಡಿತ್ತು. ಬಾಡಿಗೆ ಮನೆ ಲೆಕ್ಕದಲ್ಲಿ ಹೇಳ್ತೀನಿ. ಒಂದು, ಗೋಡೆ ಮುಟ್ಟದೆ ನಮ್ಮ ಸ್ಟ್ಯಾಂಡ್ ತಂದು ಇಟ್ಟುಕೊಳ್ಳೋದು. ಇನ್ನೊಂದು, ಓನರಿಗೆ ಹೇಳದೆ ಗೋಡೆ ಒಡೆದು ಶೆಲ್ಫ್ ಮಾಡಿಸೋದು.

ಮೊದಲನೆಯದು ಆಪ್‌ಬಾರ್. ವಿಂಡೋಸ್ 95ರ ಕಾಲದಿಂದಲೂ ಇರೋ, ಮೈಕ್ರೋಸಾಫ್ಟೇ ಬರೆದಿಟ್ಟಿರೋ ವ್ಯವಸ್ಥೆ. "ಈ ಅಂಚಿನಲ್ಲಿ ನನಗೆ ಇಷ್ಟು ಪಿಕ್ಸೆಲ್ ಜಾಗ ಕೊಡು" ಅಂತ ಕೇಳಿದರೆ ವಿಂಡೋಸ್ ಕೊಡುತ್ತೆ, ಬೇರೆ ಕಿಟಕಿಗಳನ್ನು ದೊಡ್ಡದು ಮಾಡಿದಾಗ ಆ ಜಾಗ ಬಿಟ್ಟೇ ನಿಲ್ಲುತ್ತವೆ. ನಮ್ಮ ಪ್ರೋಗ್ರಾಂ ಬಿದ್ದರೆ ನಮ್ಮದು ಮಾತ್ರ ಬೀಳುತ್ತೆ. ಆದರೆ ಅದು ಇನ್ನೊಂದು ಪಟ್ಟಿ. ಮೂಲ ಪಟ್ಟಿಯನ್ನು ಬಚ್ಚಿಡಬೇಕು, ಗಡಿಯಾರದ ಪಕ್ಕದ ಐಕಾನ್‌ಗಳನ್ನು ಹೇಗೋ ತರಬೇಕು, ಸಣ್ಣ ಚಿತ್ರ ತೋರಿಸೋದನ್ನು ನಾವೇ ಬರೆಯಬೇಕು. ಇಷ್ಟೆಲ್ಲಾ ಮಾಡಿದರೂ ಅದು ಅಸಲಿ ಥರ ಇರಲ್ಲ, ನಕಲಿ ಅಂತ ಮೊದಲ ದಿನವೇ ಗೊತ್ತಾಗುತ್ತೆ.

ಎರಡನೆಯದು ಎಕ್ಸ್‌ಪ್ಲೋರರ್, ಅಂದರೆ ಟಾಸ್ಕ್‌ಬಾರನ್ನು ನಡೆಸೋ ವಿಂಡೋಸ್‌ನದೇ ಪ್ರೋಗ್ರಾಂ, ಅದರ ಒಳಗೇ ನುಗ್ಗೋದು. ನಮ್ಮ ಡಿಎಲ್‌ಎಲ್ ಅನ್ನು (ಬೇರೆ ಪ್ರೋಗ್ರಾಂ ಒಳಗೆ ಸೇರಿ ಓಡೋ ಕೋಡ್ ಫೈಲ್) ಅದರೊಳಗೆ ಕೂರಿಸಿ, ಟಾಸ್ಕ್‌ಬಾರ್ ಬಳಸೋ ಫಂಕ್ಷನ್‌ಗಳನ್ನು, ಅಂದರೆ ಒಂದೊಂದು ಕೆಲಸ ಮಾಡೋ ಕೋಡ್ ತುಣುಕುಗಳನ್ನು, ನಡುವೆ ಹಿಡಿದು, ಉತ್ತರ ಬದಲಾಯಿಸಿ ಕಳಿಸೋದು. "ಈ ಕಿಟಕಿಗಳನ್ನು ಒಟ್ಟು ಸೇರಿಸಲಾ?" ಅಂತ ಅದು ತನ್ನನ್ನೇ ಕೇಳಿಕೊಂಡಾಗ ನಾವು "ಬೇಡ" ಅನ್ನೋದು, ಅಷ್ಟೇ. ಇದರಲ್ಲಿ ಏನು ಬೇಕಾದರೂ ಮಾಡಬಹುದು. ತೊಂದರೆ ಏನಂದರೆ ಆ ಫಂಕ್ಷನ್‌ಗಳು ಹೊರಗಿನವರಿಗಾಗಿ ಬರೆದದ್ದಲ್ಲ. ಕೋಡಿನ ತಪ್ಪು ಹುಡುಕೋರಿಗೆ ಅಂತ ಮೈಕ್ರೋಸಾಫ್ಟ್ ಕೊಡೋ ಸಿಂಬಲ್ ಫೈಲ್ (ಯಾವ ಫಂಕ್ಷನ್ ಎಲ್ಲಿದೆ ಅನ್ನೋ ಪಟ್ಟಿ) ನೋಡಿ ನಾವು ಜಾಗ ಹುಡುಕ್ತೀವಿ, ಮುಂದಿನ ಅಪ್‌ಡೇಟ್‌ನಲ್ಲಿ ಅದು ಜಾಗ ಬದಲಿಸಿದರೆ ಕೇಳೋ ಹಾಗಿಲ್ಲ. ಮತ್ತೆ ಎಕ್ಸ್‌ಪ್ಲೋರರ್ ಅಂದರೆ ಬರೀ ಟಾಸ್ಕ್‌ಬಾರ್ ಅಲ್ಲ, ಡೆಸ್ಕ್‌ಟಾಪು, ಫೋಲ್ಡರ್ ಕಿಟಕಿಗಳು ಎಲ್ಲಾ ಅದೇ. ನಾವು ಎಡವಿದರೆ ಇಡೀ ಮನೆ ಅಲ್ಲಾಡುತ್ತೆ.

ಗೋಡೆ ಒಡೆಯೋದೇ ಸರಿ ಅಂತ ಮೀಟಿಂಗ್‌ನಲ್ಲಿ ಎಲ್ಲರಿಗಿಂತ ಜೋರಾಗಿ ವಾದಿಸಿದವನು ನಾನೇ. ಜನಕ್ಕೆ ಹೊಸ ಪಟ್ಟಿ ಬೇಡ, ಇರೋ ಪಟ್ಟಿಯಲ್ಲೇ ಹೆಸರು ಕಾಣಬೇಕು, ಅದು ನನ್ನ ವಾದ. ಈಗಲೂ ಅದನ್ನು ತಪ್ಪು ಅನ್ನಲ್ಲ.

ಮೈಕ್ರೋಸಾಫ್ಟ್ ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಬಿಡುತ್ತೆ, ನಮಗೆ ಅದು ಬರೋದು ಮಂಗಳವಾರ ರಾತ್ರಿ. ಒಂದು ತಿಂಗಳು ಎರಡನೇ ಮಂಗಳವಾರ 10ನೇ ತಾರೀಕು ಬಿದ್ದಿತ್ತು. ಮಾರನೇ ದಿನ 11. ಜಿಎಸ್‌ಟಿ ಗೊತ್ತಿರೋರಿಗೆ ಈಗಾಗಲೇ ಅರ್ಥ ಆಗಿರುತ್ತೆ, ತಿಂಗಳಿಗೊಮ್ಮೆ ತುಂಬೋರಿಗೆ ಜಿಎಸ್‌ಟಿಆರ್-1ರ, ಅಂದರೆ ಮಾರಾಟದ ಲೆಕ್ಕ ಕೊಡೋ ರಿಟರ್ನಿನ, ಕೊನೆ ದಿನ ಅದು. ಬೆಳಿಗ್ಗೆ ಒಂಬತ್ತೂವರೆಗೆ ಹುಬ್ಬಳ್ಳಿಯ ಆಡಿಟರ್ ಒಬ್ಬರ ಫೋನು.

"ಏನ್ರಿ ಸರ, ಸ್ಕ್ರೀನ್ ಪಿಳಿಪಿಳಿ ಅನ್ನಾಕತ್ತೈತಿ. ಕೆಳಗಿನ ಪಟ್ಟಿ ಬರ್ತೈತಿ, ಹೋಗ್ತೈತಿ. ಹಿಂಗಾದ್ರ ನಾವು ರಿಟರ್ನ್ ತುಂಬೋದು ಹೆಂಗ್ರಿ?"

ಆಗಿದ್ದು ಇಷ್ಟು. ಅಪ್‌ಡೇಟ್‌ನಲ್ಲಿ ಒಂದು ಫಂಕ್ಷನ್ ಬದಲಾಗಿತ್ತು, ನಮ್ಮ ಡಿಎಲ್‌ಎಲ್ ಹಳೇ ಜಾಗಕ್ಕೇ ಕೈ ಹಾಕಿತು, ಎಕ್ಸ್‌ಪ್ಲೋರರ್ ಸತ್ತಿತು. ಸತ್ತರೆ ವಿಂಡೋಸ್ ತಾನಾಗಿ ಅದನ್ನು ಮತ್ತೆ ಎಬ್ಬಿಸುತ್ತೆ. ಎದ್ದ ಕೂಡಲೇ, ಹಿನ್ನೆಲೆಯಲ್ಲಿ ಓಡ್ತಾ ಇರೋ ನಮ್ಮ ಸರ್ವಿಸ್, ಭಾರೀ ನಿಷ್ಠೆಯಿಂದ, ಅದೇ ಡಿಎಲ್‌ಎಲ್ ಅನ್ನು ಮತ್ತೆ ಒಳಗೆ ತುರುಕುತ್ತೆ. ಮತ್ತೆ ಸಾವು. ಎರಡು ಸೆಕೆಂಡಿಗೊಂದು ಸಲ. ಇದರ ಜೊತೆಗೆ ಇನ್ನೊಂದು ಉಪದ್ರ: ಟಾಸ್ಕ್‌ಬಾರ್ ಹೊಸದಾಗಿ ಎದ್ದಾಗ "ನಾನು ಬಂದೆ" ಅಂತ ಎಲ್ಲಾ ಪ್ರೋಗ್ರಾಂಗಳಿಗೂ ಒಂದು ಸಂದೇಶ ಹೋಗುತ್ತೆ, ಅದನ್ನು ಕೇಳಿಸಿಕೊಂಡವು ಗಡಿಯಾರದ ಪಕ್ಕ ತಮ್ಮ ಐಕಾನ್ ಮತ್ತೆ ಇಡುತ್ತವೆ, ಕೇಳಿಸಿಕೊಳ್ಳದವು ಮಾಯ. ಪ್ರಿಂಟರ್ ಐಕಾನ್ ಕಾಣಿಸ್ತಿಲ್ಲ ಅಂತ ಅವರು ಪ್ರಿಂಟರ್ ರಿಪೇರಿಯವನಿಗೂ ಫೋನ್ ಮಾಡಿಬಿಟ್ಟಿದ್ದರು ಪಾಪ.

ನಮ್ಮ ಸಾಫ್ಟ್‌ವೇರ್ ತೆಗೆದುಹಾಕಿ ಅನ್ನೋಣ ಅಂದರೆ ತೆಗೆಯೋಕೆ ಸ್ಟಾರ್ಟ್ ಮೆನು ಬೇಕು, ಅದೇ ನಿಲ್ತಿಲ್ಲ. ಕೊನೆಗೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿಸಿ ಟಾಸ್ಕ್ ಮ್ಯಾನೇಜರ್ ತೆರೆಸಿದೆ, ಪುಣ್ಯಕ್ಕೆ ಅದು ಎಕ್ಸ್‌ಪ್ಲೋರರ್‌ಗಿಂತ ಬೇರೆ. ಅಲ್ಲಿಂದ ನಮ್ಮ ಅನ್‌ಇನ್‌ಸ್ಟಾಲರ್ ಇರೋ ಜಾಗವನ್ನು ಒಂದೊಂದೇ ಅಕ್ಷರ ಫೋನಿನಲ್ಲಿ ಹೇಳಿ ಟೈಪ್ ಮಾಡಿಸಿದೆ. "ಬ್ಯಾಕ್‌ಸ್ಲ್ಯಾಶ್ ಹಾಕಿ ಸರ್" ಅಂದೆ. "ಯಾವ ಕಡೆ ವಾಲಿದ್ದು ಅದು?" ಅಂದರು. ಎಡಕ್ಕೋ ಬಲಕ್ಕೋ ಅಂತ ನನಗೂ ಆ ಕ್ಷಣ ಕೈ ಗಾಳಿಯಲ್ಲಿ ಆಡಿಸಿ ನೋಡಬೇಕಾಯ್ತು. ಆ ದಿನ ನಾವು ಐದೂ ಜನ ಇದೇ ಪಾಠ ಒಪ್ಪಿಸಿದ್ದು, ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ.

ಸಂಜೆ ಬರೆದ ರಿಪೇರಿ ಹತ್ತು ಹದಿನೈದು ಸಾಲಿನದ್ದು, ನಾಚಿಕೆ ಆಗುವಷ್ಟು ಸರಳ. ಒಳಗೆ ಹೋಗುವ ಮುಂಚೆ ಒಂದು ಸಣ್ಣ ಫೈಲ್ ಬರೆದಿಡೋದು. ಎಕ್ಸ್‌ಪ್ಲೋರರ್ ಒಂದು ನಿಮಿಷ ಬದುಕಿದ್ದರೆ ಆ ಫೈಲ್ ಅಳಿಸೋದು. ಮುಂದಿನ ಸಲ ಹೋದಾಗ ಫೈಲ್ ಅಲ್ಲೇ ಇದ್ದರೆ, ಹೋದವನು ವಾಪಸ್ ಬಂದಿಲ್ಲ ಅಂತ ಅರ್ಥ, ಬಾಗಿಲ ಮುಂದೆ ಚಪ್ಪಲಿ ಇನ್ನೂ ಇದ್ದ ಹಾಗೆ. ಅಂಥ ಮನೆಯೊಳಗೆ ಕಾಲಿಡಬಾರದು. ಟೀಮಿನಲ್ಲಿ ಇದನ್ನು ಇವತ್ತಿಗೂ ಚಪ್ಪಲಿ ಫೈಲ್ ಅಂತಲೇ ಕರೆಯೋದು.

ನಿಜವಾದ ಜಗಳ ಹತ್ತಿದ್ದು ಆಮೇಲೆ. ನಮಗೆ ಗೊತ್ತಿಲ್ಲದ ಎಕ್ಸ್‌ಪ್ಲೋರರ್ ಆವೃತ್ತಿ ಕಂಡರೆ ಒಳಗೆ ಹೋಗೋದೇ ಬೇಡ ಅಂದೆ ನಾನು, ಪೆಟ್ಟು ತಿಂದವನ ಹೆದರಿಕೆ. ಸಪೋರ್ಟ್ ನೋಡಿಕೊಳ್ಳೋ ಸಹೋದ್ಯೋಗಿ ಒಪ್ಪಲಿಲ್ಲ. "ತಿಂಗಳಿಗೊಂದು ಬುಧವಾರ ಎಲ್ಲರ ಹೆಸರುಗಳೂ ಮಾಯ ಆಗ್ತವೆ, ದುಡ್ಡು ಕೊಟ್ಟಿದ್ದೀವಿ ಅಂತ ಬೈಯೋರು ನನಗೆ, ನಿಮಗಲ್ಲ." ಪಟ್ಟಿಯೇ ಇಲ್ಲದಿರೋದಕ್ಕಿಂತ ಸಾದಾ ಪಟ್ಟಿ ವಾಸಿ ಅಲ್ವಾ ಅಂದೆ. "ನಿಮಗೆ ವಾಸಿ" ಅಂದರು. ಅವರ ಮಾತಲ್ಲೂ ನ್ಯಾಯ ಇತ್ತು. ಕೊನೆಗೆ ಒಂದೊಂದು ಸೌಲಭ್ಯವೂ ತನ್ನ ಫಂಕ್ಷನ್‌ನ ಮೊದಲ ಕೆಲವು ಬೈಟ್ ನೋಡಿ, ಗುರುತು ಸಿಕ್ಕರೆ ಮಾತ್ರ ಕೆಲಸ ಮಾಡೋ ಹಾಗೆ ಒಡೆದೆವು. ಹೆಸರು ತೋರಿಸೋದು ನಡೆಯುತ್ತೆ, ಮಧ್ಯದ ಬಟನ್ ಒತ್ತಿ ಕಿಟಕಿ ಮುಚ್ಚೋದು ಮಾತ್ರ ಎರಡು ದಿನ ರಜೆ, ಹೀಗೆ. ಕೋಡ್ ದಪ್ಪ ಆಯ್ತು, ಟೆಸ್ಟಿಂಗ್ ಇನ್ನೂ ದಪ್ಪ ಆಯ್ತು. ಈ ಕಷ್ಟ ನಮಗೊಬ್ಬರಿಗೇ ಅಲ್ಲ: 2024ರಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿ ಪರೀಕ್ಷೆಯಲ್ಲಿದ್ದಾಗ, ನಮ್ಮಂತೆಯೇ ಟಾಸ್ಕ್‌ಬಾರ್ ಬದಲಿಸೋ ಸ್ಟಾರ್ಟ್‌ಆಲ್‌ಬ್ಯಾಕ್, ಎಕ್ಸ್‌ಪ್ಲೋರರ್‌ಪ್ಯಾಚರ್ ಥರದ ಹೆಸರುವಾಸಿ ಟೂಲ್‌ಗಳಿದ್ದ ಮೆಷಿನ್‌ಗಳಿಗೆ ಮೈಕ್ರೋಸಾಫ್ಟ್‌ನವರು ಅಪ್‌ಡೇಟನ್ನೇ ತಡೆಹಿಡಿದಿದ್ದರು.

ಕ್ರ್ಯಾಶ್ ಆದರೆ ಗೊತ್ತಾದರೂ ಆಗುತ್ತೆ. ಗೊತ್ತೇ ಆಗದೆ ಉಳಿಯೋ ತಪ್ಪುಗಳು ಇನ್ನೊಂದು ಥರ. ವಿಂಡೋಸ್ 10ರಲ್ಲಿ ಟಾಸ್ಕ್‌ಬಾರ್ 40 ಪಿಕ್ಸೆಲ್ ಎತ್ತರ, ಸಣ್ಣದು ಮಾಡಿದರೆ 30. ವಿಂಡೋಸ್ 11ರಲ್ಲಿ 48. ಸಣ್ಣ ಲ್ಯಾಪ್‌ಟಾಪ್‌ನಲ್ಲಿ ಅದು ದಂಡ ಅಂತ ನಾವು ಮತ್ತೆ 30ಕ್ಕೆ ಇಳಿಸೋ ಆಯ್ಕೆ ಕೊಟ್ಟೆವು. ಸ್ಕ್ರೀನ್‌ಶಾಟ್‌ನಲ್ಲಿ ಎಷ್ಟು ಚೆಂದ! ನಾವೆಲ್ಲ ಟೆಸ್ಟ್ ಮಾಡಿದ್ದು ಇಂಗ್ಲಿಷ್ ಹೆಸರಿನ ಫೈಲ್ ಇಟ್ಟುಕೊಂಡು. ಕನ್ನಡದಲ್ಲಿ ಫೈಲ್ ಹೆಸರಿಡೋ ಒಂದು ಸಹಕಾರ ಸಂಘದವರು ಫೋಟೋ ಕಳಿಸಿದರು: "ಲೆಕ್ಕ ಪಟ್ಟಿ" ಅಂತ ಇರಬೇಕಾದಲ್ಲಿ "ಲೆಕ ಪಟಿ". ಅಕ್ಷರದ ಕೆಳಗೆ ಕೂರೋ ಒತ್ತು ಪೂರ್ತಿ ಕತ್ತರಿಸಿ ಹೋಗಿತ್ತು. ಐದು ಜನರಲ್ಲಿ ನಾಲ್ವರು ಕನ್ನಡದವರು, ಒಬ್ಬರಿಗೂ ಹೊಳೆದಿರಲಿಲ್ಲ ನೋಡಿ. ಈಗ ಹೆಸರಿನಲ್ಲಿ ಕನ್ನಡ ಕಂಡರೆ ಅಕ್ಷರದ ಗಾತ್ರ ಒಂದು ಹೆಜ್ಜೆ ಇಳಿಸಿ, ಸಾಲನ್ನು ಎರಡು ಪಿಕ್ಸೆಲ್ ಮೇಲಕ್ಕೆ ಎತ್ತುತ್ತೀವಿ. ಅಕ್ಷರ ಚಿಕ್ಕದಾಯ್ತು ಅಂತ ಅದಕ್ಕೂ ದೂರು ಬಂದಿದೆ.

ಅಂಚಿನ ವಿಷಯವೂ ಹೀಗೇ. ಪಟ್ಟಿಯನ್ನು ಅಂಚಿನಿಂದ ನಾಲ್ಕು ಪಿಕ್ಸೆಲ್ ಮೇಲೆ ತೇಲಿಸಿ, ಮೂಲೆ ದುಂಡಗೆ ಮಾಡಿ ಕೊಟ್ಟೆವು. ಜನ ಮೌಸನ್ನು ನೋಡಿಕೊಂಡು ಒಯ್ಯಲ್ಲ, ಕೆಳಕ್ಕೆ ಜೋರಾಗಿ ತಳ್ಳಿ ಒತ್ತುತ್ತಾರೆ. ಒತ್ತಿದ್ದು ಆ ನಾಲ್ಕು ಪಿಕ್ಸೆಲ್ ಸಂದಿಗೆ ಬೀಳುತ್ತಿತ್ತು. ವಿಂಡೋಸ್ 95ರ ಸ್ಟಾರ್ಟ್ ಬಟನ್ ಸುತ್ತಲೂ ಇದೇ ಥರ ಒಂದೆರಡು ಪಿಕ್ಸೆಲ್ ಸತ್ತ ಜಾಗ ಇತ್ತು, ಇಷ್ಟು ವರ್ಷ ಆದಮೇಲೆ ಅದನ್ನೇ ನಾವು ಹೊಸ ಡಿಸೈನ್ ಅಂತ ಮಾಡಿದ್ದೆವು. ಕಣ್ಣಿಗೆ ಸಂದಿ ಹಾಗೇ ಬಿಟ್ಟು ಕ್ಲಿಕ್ ಹಿಡಿಯೋ ಜಾಗವನ್ನು ಅಂಚಿನತನಕ ಎಳೆದೆವು.

ಗಡಿಯಾರದಲ್ಲಿ ಸೆಕೆಂಡ್ ತೋರಿಸೋದನ್ನು ಮಾತ್ರ ನಾವಾಗಿ ಆನ್ ಮಾಡಲೇ ಇಲ್ಲ. ವಿಂಡೋಸ್ 95 ತಯಾರಾಗುವಾಗ ಗಡಿಯಾರ ಸೆಕೆಂಡ್ ತೋರಿಸುತ್ತಿತ್ತಂತೆ, 4 ಎಂಬಿ ಮೆಮೊರಿಯ ಮೆಷಿನ್‌ಗೆ ಅಷ್ಟೂ ಭಾರ ಅಂತ ತೆಗೆದರು. ಈಗ ಮೆಮೊರಿಯ ಚಿಂತೆ ಇಲ್ಲ, ಆದರೆ ಸುಮ್ನೆ ಕೂತ ಲ್ಯಾಪ್‌ಟಾಪನ್ನು ಪ್ರತಿ ಸೆಕೆಂಡಿಗೂ ಎಬ್ಬಿಸಿದರೆ ಬ್ಯಾಟರಿ ತಿನ್ನುತ್ತೆ.

ಹುಬ್ಬಳ್ಳಿಯವರು ನಮ್ಮನ್ನು ಬಿಟ್ಟುಹೋಗಲಿಲ್ಲ. ನಾಲ್ಕು ತಿಂಗಳಾದ ಮೇಲೆ ಮತ್ತೆ ಫೋನು, ಎದೆ ಧಸಕ್ಕೆಂದಿತು, ಎರಡನೇ ಬುಧವಾರ ಬೇರೆ. ಈ ಸಲ ಅವರಿಗೆ ಬೇಕಿದ್ದದ್ದು ಪಟ್ಟಿ ಪರದೆಯ ಮೇಲ್ಭಾಗಕ್ಕೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳೋ ರಿಜಿಸ್ಟ್ರಿಯಲ್ಲಿ ಒಂದು ಬೈಟ್ ಬದಲಿಸಿ ಅದನ್ನು ಮಾಡೋ ಉಪಾಯ ವಿಂಡೋಸ್ 11ರಲ್ಲಿ ಮೊದಮೊದಲು ನಡೆಯುತ್ತಿತ್ತು, 22ಎಚ್2 ಆವೃತ್ತಿಯಲ್ಲಿ ನಿಂತುಹೋಯ್ತು, ಬಲವಂತವಾಗಿ ಮಾಡಿದರೆ ಸ್ಟಾರ್ಟ್ ಮೆನು ಮಾತ್ರ ಕೆಳಗಿನಿಂದಲೇ ಏಳುತ್ತೆ, ಆಗಲ್ಲ ಸರ್ ಅಂತ ಐದು ನಿಮಿಷ ವಿವರಿಸಿದೆ. ಸಮಾಧಾನವಾಗಿ ಕೇಳಿಸಿಕೊಂಡರು.

"ಹಂಗಾದ್ರ ಮಾನಿಟರ್‌ನ ತಲಿಕೆಳಗ ಮಾಡಿ ಇಟ್ಕೊಳ್ಳೇನ್ರಿ?"